ಕುಣಿಗಲ್ಲಿನ ಕೊನೆಯ ಗಂಟೆ

ಎಲ್ಲ ಅನಾಹುತಕ್ಕೂ ಮೂಲ ಒಂದು ದಿಂಬಿನ ಕವರು. ಬಿಳಿ ಪಾಪ್ಲಿನ್ ಬಟ್ಟೆಯದು, ಮೂಲೆಯಲ್ಲಿ ನೀಲಿ ದಾರದ ಹೂವು. ಬೆಳಗಿನ ಹೊತ್ತು ಗುಬ್ಬಿಯ ಬಸ್ ಸ್ಟ್ಯಾಂಡಿನ ಕಡೆ ಓಡುತ್ತಿದ್ದ ದಾಕ್ಷಾಯಣಿಯ ಚೀಲದಿಂದ ಅದು ಜಾರಿ, ಪಕ್ಕದ ಮನೆಯ ಕರಿಬಸಮ್ಮ ಆಗತಾನೆ ಸಾರಿಸಿ ರಂಗೋಲಿ ಇಟ್ಟಿದ್ದ ಬಾಗಿಲ ಮುಂದೆ ಬಿತ್ತು. ಬೇರೆ ಯಾರ ಬಾಗಿಲಲ್ಲಿ ಬಿದ್ದಿದ್ದರೂ ಅದು ಬರೀ ಬಟ್ಟೆ. ಕರಿಬಸಮ್ಮನ ಬಾಗಿಲಲ್ಲಿ ಬಿದ್ದದ್ದರಿಂದ ಸುದ್ದಿಯಾಯಿತು.

“ಏನೇ ದಾಕ್ಷಾ ಇದು?”

“ದಿಂಬಿನ ಕವರು ಅಕ್ಕ. ಕೊಡಿ, ಬಸ್ಸಿಗೆ ಹೊತ್ತಾಯ್ತು.”

“ಕಾಲೇಜಿಗೆ ಯಾಕೇ ದಿಂಬಿನ ಕವರು?”

“ಕಾಲೇಜಿಗೆ ರಜ ಹಾಕಿದೀನಿ. ಕುಣಿಗಲ್‌ಗೆ ಹೋಗ್ತಿದೀನಿ.”

“ಕುಣಿಗಲ್‌ನಲ್ಲಿ ಯಾರ ದಿಂಬಿಗೆ? ಐದು ವರ್ಷದಿಂದ ಆಗಾಗ ಅಲ್ಲಿಗೆ ಓಡ್ತಾನೇ ಇದೀಯ.”

ದಾಕ್ಷಾಯಣಿ ಮಾತನ್ನು ತೂಗಿ ಆಡುವವಳು. ತುಮಕೂರಿನ ಒಂದು ಕಾಲೇಜಿನಲ್ಲಿ ಮನಶ್ಶಾಸ್ತ್ರದ ಮೇಡಂ. ಸುಳ್ಳು ಹೇಳಿದರೆ ಸಂಜೆಗೆ ಸಿಕ್ಕಿಬೀಳುತ್ತೇನೆ, ನಿಜ ಹೇಳಿದರೆ ಈಗಲೇ ಸಿಕ್ಕಿಬೀಳುತ್ತೇನೆ ಎಂದು ಯೋಚಿಸಿ, ಎರಡರ ನಡುವಿನದನ್ನು ಆರಿಸಿಕೊಂಡಳು.

“ಅಲ್ಲಿಗೊಬ್ರು ಡಾಕ್ಟ್ರು ಬರ್ತಾರೆ ಅಕ್ಕ. ಅವರ ಹತ್ರ ಹೋದ್ರೆ ಮಂಚದ ಮೇಲೆ ಮಲಗ್ಬೇಕು. ಆ ಮನೇಲಿ ಮಡಿ ಜಾಸ್ತಿ. ಅವರವರ ಕವರು ಅವರವರೇ ತಗೊಂಡು ಹೋಗ್ಬೇಕು.”

ಕರಿಬಸಮ್ಮ ಕೈಯಲ್ಲಿದ್ದ ರಂಗೋಲಿ ಬಟ್ಟಲನ್ನು ಅಲ್ಲೇ ಇಟ್ಟುಬಿಟ್ಟಳು. “ಅಯ್ಯೋ ಶಿವನೇ! ಅಡ್ಮಿಟ್ಟಾ?”

“ಅಡ್ಮಿಟ್ಟಲ್ಲ, ಟ್ರೈನಿಂಗು.”

“ಮಲಗೋದಕ್ಕೆ ಟ್ರೈನಿಂಗಾ? ಯಾರ್ ಕಿವಿಗೆ ಹೂವು ಇಡ್ತೀಯೇ? ನಿನ್ನ ಮುಖ ನೋಡಿದ್ರೇ ಗೊತ್ತಾಗುತ್ತೆ. ಈಚೆಗೆ ಸೊರಗಿದೀಯ. ಇರು, ನಾನೂ ಬರ್ತೀನಿ. ಆಸ್ಪತ್ರೆಗೆ ಯಾರಾದ್ರೂ ಒಬ್ಬಳೇ ಹೋಗ್ತಾರಾ? ನಾಳೆ ಬೀದಿಯವರು ನನ್ನ ಮುಖಕ್ಕೆ ಉಗಿಯಲ್ವಾ, ಪಕ್ಕದಲ್ಲೇ ಇದ್ಕೊಂಡು ಬಿಟ್ಲಲ್ಲ ಅಂತ?”

ದಾಕ್ಷಾಯಣಿಗೆ ಅಳು ಬರುವಂತಾಯಿತು. ಬೇರೆ ದಿನವಾಗಿದ್ದರೆ ಸರಿ. ಇವತ್ತು ಮಾತ್ರ ಯಾವ ತಕರಾರೂ ಆಗಬಾರದಿತ್ತು.

ಸಂಗತಿ ಇಷ್ಟು. ದಾಕ್ಷಾಯಣಿ ಮನೋವಿಶ್ಲೇಷಕಿಯಾಗಲು ಹೊರಟಿದ್ದಳು. ಆ ವಿದ್ಯೆಯ ಕಟ್ಟಳೆ ವಿಚಿತ್ರ: ಬೇರೆಯವರ ಮನಸ್ಸನ್ನು ಬಿಚ್ಚಿ ನೋಡುವ ಮುಂಚೆ ತನ್ನ ಮನಸ್ಸನ್ನು ಗುರುವಿನ ಮುಂದೆ ಬಿಚ್ಚಿ ಹರವಬೇಕು. ಶಿಷ್ಯೆ ಮಂಚದ ಮೇಲೆ ಮಲಗಿ ಮನಸ್ಸಿಗೆ ಬಂದದ್ದನ್ನೆಲ್ಲ ಆಡುತ್ತ ಹೋಗಬೇಕು. ಗುರು ತಲೆಯ ಹಿಂದೆ ಕಾಣದಂತೆ ಕೂತು ಆಗಾಗ “ಹ್ಞೂಂ” ಎನ್ನಬೇಕು. ದೊಡ್ಡ ಊರುಗಳಲ್ಲಿ ಇದು ದಿನಾ ಬೆಳಗಾದರೆ ನಡೆಯುವ ಕೆಲಸ. ಆದರೆ ದಾಕ್ಷಾಯಣಿಗೆ ದಕ್ಕಿದ ಗುರು ಡಾಕ್ಟರ್ ಚನ್ನವೀರಯ್ಯನವರು ಇದ್ದದ್ದು ಬೊಂಬಾಯಿಯಲ್ಲಿ. ಹುಟ್ಟೂರು ಹುಲಿಯೂರುದುರ್ಗ. ಮೂರು ತಿಂಗಳಿಗೊಮ್ಮೆ ರೈಲು ಹತ್ತಿ ಕುಣಿಗಲ್ಲಿನ ಅಕ್ಕನ ಮನೆಗೆ ಬಂದು ನಾಲ್ಕು ದಿನ ಇರುತ್ತಿದ್ದರು. ಆ ನಾಲ್ಕು ದಿನ ದಾಕ್ಷಾಯಣಿ ಗುಬ್ಬಿಯಿಂದ ತುಮಕೂರಿಗೆ, ತುಮಕೂರಿನಿಂದ ಕುಣಿಗಲ್ಲಿಗೆ ಬಸ್ಸು ಬದಲಿಸಿ ಹೋಗಿ, ಒಂಟೆ ನೀರು ಕುಡಿದ ಹಾಗೆ ಗಂಟೆಗಟ್ಟಲೆ ಮಾತಾಡಿ ಬರುವುದು. ಆಮೇಲೆ ಮೂರು ತಿಂಗಳು ಒಣ. ಯುಗಾದಿಯಲ್ಲಿ ಅರ್ಧಕ್ಕೆ ನಿಲ್ಲಿಸಿದ ಅಳುವನ್ನು ಆಷಾಢದಲ್ಲಿ ಮುಂದುವರಿಸಬೇಕು. ಅಷ್ಟು ಹೊತ್ತಿಗೆ ಯಾಕೆ ಅಳುತ್ತಿದ್ದೆ ಎನ್ನುವುದೇ ಮರೆತುಹೋಗಿರುತ್ತಿತ್ತು.

ಹೀಗೆ ಐದು ವರ್ಷ ಕಳೆದು ಈಗ ಉಳಿದದ್ದು ಒಂದೇ ಗಂಟೆ. ಅದು ಇವತ್ತು ಮುಗಿದರೆ ಡಾಕ್ಟರು ಬೊಂಬಾಯಿಯ ಕಮಿಟಿಗೆ ‘ಮುಗಿಯಿತು’ ಎಂದು ಹೇಳುತ್ತಾರೆ. ಅವಳು ತನ್ನದೇ ರೋಗಿಗಳನ್ನು ನೋಡಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಕುಣಿಗಲ್ ಬಸ್ಸನ್ನು ಜನ್ಮದಲ್ಲಿ ಮತ್ತೆ ಹತ್ತಬೇಕಾಗಿಲ್ಲ. ಇವತ್ತು ತಪ್ಪಿದರೆ, ಆ ಕಮಿಟಿ ಮತ್ತೆ ಸೇರುವುದು ಎರಡು ವರ್ಷಕ್ಕೆ. ಸಂಜೆಯ ರೈಲಿಗೆ ಡಾಕ್ಟರು ಹೊರಟುಬಿಡುತ್ತಿದ್ದರು.

ಇದನ್ನೆಲ್ಲ ಕರಿಬಸಮ್ಮನಿಗೆ ಹೇಳಲು ಸಾಧ್ಯವೇ? ಗಂಡ ರುದ್ರಯ್ಯನಿಗೇ ಹೇಳಿ ಮುಗಿದಿರಲಿಲ್ಲ. ಅವನು ಅದನ್ನು ‘ಕುಣಿಗಲ್ ನಿದ್ದೆ’ ಎಂದು ಕರೆದು ಕೊಬ್ಬರಿ ಮಂಡಿಗೆ ಹೋಗಿಬಿಡುತ್ತಿದ್ದ.

ಕರಿಬಸಮ್ಮ ಹೊರಡುವುದೆಂದರೆ ಒಂದು ಮದುವೆ ದಿಬ್ಬಣ ಹೊರಟ ಹಾಗೆ. ಸೀರೆ ಬದಲಾಯಿಸಿದಳು. ಚಿತ್ರಾನ್ನ ಕಲಸಿದಳು. ಫ್ಲಾಸ್ಕಿಗೆ ಕಾಫಿ ತುಂಬಿಸಿದಳು. ಬಾಗಿಲಿಗೆ ಬೀಗ ಹಾಕಿ, ಎಳೆದು ನೋಡಿ, ಬೀದಿ ತಿರುವಿನ ತನಕ ಹೋಗಿ, ಮತ್ತೆ ಬಂದು ಎಳೆದು ನೋಡಿದಳು. ದಾರಿಯಲ್ಲಿ ಸಿಕ್ಕ ಮೂವರಿಗೆ, “ದಾಕ್ಷಾಯಣೀನ ತೋರಿಸ್ಕೊಂಡು ಬರ್ತೀನಿ” ಎಂದಳು. ಆ ಮೂವರೂ ದಾಕ್ಷಾಯಣಿಯ ಹೊಟ್ಟೆಯ ಕಡೆ ನೋಡಿದರು. ಎಕ್ಸ್‌ಪ್ರೆಸ್ ಬಸ್ಸು ಹೋಗಿ ಧೂಳೂ ಅಡಗಿತ್ತು.

ತುಮಕೂರಿನ ಬಸ್ ಸ್ಟ್ಯಾಂಡಿನಲ್ಲಿ ಸಂತೆಯಷ್ಟು ಜನ. “ನೀನು ನಿಧಾನಕ್ಕೆ ಬಾ, ಹುಷಾರಿಲ್ಲದವಳು. ಸೀಟು ನಾನು ಹಿಡೀತೀನಿ,” ಎಂದು ಕರಿಬಸಮ್ಮ ದಾಕ್ಷಾಯಣಿಯ ಚೀಲದಿಂದ ದಿಂಬಿನ ಕವರು ಎಳೆದುಕೊಂಡು ನುಗ್ಗಿದಳು. ಎಲ್ಲರೂ ಕಿಟಕಿಯಿಂದ ಟವೆಲ್ಲು, ಕರ್ಚೀಪು ಎಸೆದು ಸೀಟು ಹಿಡಿಯುತ್ತಿದ್ದ ಬಸ್ಸೊಂದಕ್ಕೆ ಗುರಿಯಿಟ್ಟು ಕವರನ್ನು ಎಸೆದಳು. ದಾಕ್ಷಾಯಣಿ ಬಸ್ಸಿನ ಬೋರ್ಡು ಓದುವಷ್ಟರಲ್ಲಿ ಅವಳು ಒಳಗೆ ಹೋಗಿ, ಕವರಿನ ಮೇಲೆ ಕೂತಿದ್ದ ಪಂಚೆಯವನೊಬ್ಬನನ್ನು ಏಳಿಸುತ್ತಿದ್ದಳು.

“ಬಟ್ಟೆ ಕಾಣಲ್ವೇನ್ರೀ? ಪೇಶೆಂಟ್ ಬರ್ತವ್ರೆ!”

“ಅಕ್ಕಾ, ಇಳೀರಿ! ಇದು ಕುಣಿಗಲ್ ಬಸ್ಸಲ್ಲ!” ದಾಕ್ಷಾಯಣಿ ಕೂಗಿದ್ದು ಹಾರ್ನಿನಲ್ಲಿ ಮುಳುಗಿಹೋಯಿತು. ಎಳೆದುಕೊಂಡು ಬರೋಣವೆಂದು ಒಳಗೆ ಹತ್ತಿದಳು. ಕಂಡಕ್ಟರ್ “ರೈಟ್” ಎಂದ. ಬಸ್ಸು ಹೊರಟೇಬಿಟ್ಟಿತು.

“ಎಲ್ಲಿಗಮ್ಮ?” ಎಂದು ಅವನು ಕೇಳಿದಾಗ ಕರಿಬಸಮ್ಮ ಗೆದ್ದ ಮುಖದಿಂದ “ಎರಡು ಕುಣಿಗಲ್” ಎಂದಳು. ಕೊರಟಗೆರೆಗೆ ಹೊರಟಿದ್ದ ಇಡೀ ಬಸ್ಸು ನಕ್ಕಿತು. ಊರಾಚೆ ಇಳಿದು ಬಿಸಿಲಿನಲ್ಲಿ ವಾಪಸು ನಡೆಯುವಾಗ ಕರಿಬಸಮ್ಮ, “ಬೋರ್ಡನ್ನ ದೊಡ್ಡದಾಗಿ ಬರೆಸೋಕೆ ಇವರಿಗೇನು ದಾಡಿ?” ಎಂದು ಸರ್ಕಾರವನ್ನು ಬೈದಳು. ದಿಂಬಿನ ಕವರು ಪಂಚೆಯವನ ಅಡಿಯಲ್ಲೇ ಉಳಿದು ಕೊರಟಗೆರೆಗೆ ಹೋಯಿತು.

ಮುಂದಿನ ಬಸ್ಸು ಸರಿಯಾದ ಬಸ್ಸೇ. ಆದರೆ ಹೆಬ್ಬೂರಿನ ಹತ್ತಿರ ಪಂಕ್ಚರ್ ಆಯಿತು. ಪ್ರಯಾಣಿಕರೆಲ್ಲ ಹುಣಸೆಮರದ ನೆರಳಿಗೆ ಇಳಿದರು. ಕರಿಬಸಮ್ಮ ಚಿತ್ರಾನ್ನದ ಡಬ್ಬಿ ಬಿಚ್ಚಿ ಡ್ರೈವರಿಗೂ ಕೊಟ್ಟಳು. ಸ್ಟೆಪ್ನಿ ಹಾಕಬೇಕಾದವನು ಎಲೆಯಡಿಕೆಗೆ ಕೂತ. ದಾಕ್ಷಾಯಣಿ ರಸ್ತೆಯ ಅಂಚಿನಲ್ಲಿ ನಿಂತು, ಡಾಕ್ಟರಿಗೆ ಹೇಳಬೇಕೆಂದುಕೊಂಡಿದ್ದ ಕನಸನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಓದಿಕೊಂಡಳು. ಡಾಕ್ಟರಿಗೆ ಕನಸೆಂದರೆ ಪ್ರಾಣ. ಬೇರೆ ಏನು ಹೇಳಿದರೂ ಬರೀ “ಹ್ಞೂಂ” ಎನ್ನುವವರು, ಕನಸು ಹೇಳಿದರೆ “ಹ್ಞೂಂ ಹ್ಞೂಂ” ಎನ್ನುತ್ತಿದ್ದರು.

ಕುಣಿಗಲ್ ತಲುಪಿದಾಗ ಡಾಕ್ಟರ್ ಚನ್ನವೀರಯ್ಯನವರು ಹೋಲ್ಡಾಲ್ ಕಟ್ಟಿ, ಕೋಟು ಹಾಕಿ, ಗಡಿಯಾರ ನೋಡುತ್ತ ಹಜಾರದಲ್ಲಿ ನಿಂತಿದ್ದರು. ಸಣ್ಣ ಆಕೃತಿ, ದೊಡ್ಡ ಹುಬ್ಬು. ಶಿಷ್ಯೆಯ ಜೊತೆ ಮಂಚದಾಚೆ ಯಾವ ಮಾತೂ ಆಡಬಾರದೆನ್ನುವುದು ಅವರ ನಿಯಮ. ಐದು ವರ್ಷದಲ್ಲಿ ಅವರು “ಊಟ ಆಯ್ತಾ?” ಎಂದು ಸಹ ಕೇಳಿದವರಲ್ಲ.

“ಇನ್ನೂ ಸಮಯ ಇದೆ. ಬನ್ನಿ,” ಎಂದರು.

ದಾಕ್ಷಾಯಣಿ ಉಸಿರು ಬಿಟ್ಟಳು. ಬಿಟ್ಟದ್ದು ತುಸು ಬೇಗವಾಯಿತು.

ಯಾಕೆಂದರೆ ಕರಿಬಸಮ್ಮ ಅವರಿಗಿಂತ ಮೊದಲೇ ಕೋಣೆಯೊಳಗೆ ಹೋಗಿ, ಬಸ್ ಸ್ಟ್ಯಾಂಡಿನಲ್ಲಿ ಕೊಂಡ ಬ್ರೆಡ್ಡು, ಕಿತ್ತಳೆ ಹಣ್ಣುಗಳನ್ನು ಕಿಟಕಿಯಲ್ಲಿ ಜೋಡಿಸಿ, ಮಂಚವನ್ನೇ ದಿಟ್ಟಿಸುತ್ತಿದ್ದಳು.

“ಡಾಕ್ಟ್ರೇ, ತಲೆ ಯಾವ ಕಡೆ ಹಾಕ್ತಾಳೆ ಇವಳು?”

ಡಾಕ್ಟರು ದಿಂಬು ಇದ್ದ ಕಡೆ ನೋಡಿದರು.

“ಅದು ಬಡಗಣ ದಿಕ್ಕಲ್ವಾ! ಹೆಣಾನ ಮಲಗಿಸೋ ದಿಕ್ಕು! ಐದು ವರ್ಷದಿಂದ ಹಿಂಗೇ ಮಲಗಿಸಿದೀರಾ? ಅದಕ್ಕೇ ಇವಳು ಸೊರಗಿರೋದು!”

ಬಾಗಿಲಲ್ಲಿ ಡಾಕ್ಟರ ಅಕ್ಕ ಕಾಣಿಸಿಕೊಂಡರು. “ಅಯ್ಯೋ ನನ್ನವ್ವ, ನಾನೂ ಬಡ್ಕೊತಾನೇ ಇದೀನಿ. ಬೊಂಬಾಯಲ್ಲಿ ದಿಕ್ಕೇ ಇಲ್ಲವಂತೆ ಇವನಿಗೆ.”

“ಹಿಡೀರಿ ನೀವು ಆ ಕಡೆ,” ಎಂದಳು ಕರಿಬಸಮ್ಮ.

“ಅಕ್ಕಾ, ದಯವಿಟ್ಟು…” ಎಂದಳು ದಾಕ್ಷಾಯಣಿ.

“ಹ್ಞೂಂ,” ಎಂದರು ಡಾಕ್ಟರು.

ಅದು ಬೀಟೆ ಮರದ ಮಂಚ. ಆನೆಯ ಹಾಗೆ ತೂಕ, ಎಮ್ಮೆಯ ಹಾಗೆ ಹಟ. ತಿರುಗಿಸಲು ಬೀರು ಅಡ್ಡ ಬಂತು. ಬೀರು ಸರಿಸಲು ಬಾಗಿಲು ಅಡ್ಡ ಬಂತು. ಇಬ್ಬರು ಹೆಂಗಸರೂ ಸೇರಿ ಮಂಚವನ್ನು ಓರೆಯಾಗಿ ಎತ್ತಿ ಹೊರಗೆ ತಂದು, ತಿರುಗಿಸಿ ಮತ್ತೆ ಒಳಗೆ ಇಡೋಣವೆಂದು ಹೊರಟರು. ಅದು ಬಾಗಿಲ ನಡುವೆ, ನುಂಗಲೂ ಆಗದ ಉಗುಳಲೂ ಆಗದ ಕಡುಬಿನ ಹಾಗೆ ಸಿಕ್ಕಿಕೊಂಡಿತು. ಡಾಕ್ಟರು ಒಳಗೆ ಉಳಿದರು, ದಾಕ್ಷಾಯಣಿ ಹೊರಗೆ. ಬೀದಿಯಿಂದ ಇಬ್ಬರು ಗಂಡಸರು ಬಂದು ಒಂದು ಕಾಲು ಕಳಚಿ ಡಾಕ್ಟರನ್ನು ಬಿಡಿಸುವಷ್ಟರಲ್ಲಿ ಬಸ್ ಸ್ಟ್ಯಾಂಡಿಗೆಂದು ಹೇಳಿದ್ದ ಜಟಕಾ ಬಂದು ಬಾಗಿಲಲ್ಲಿ ನಿಂತಿತ್ತು.

“ನನಗೆ ತುಮಕೂರಲ್ಲಿ ರೈಲು,” ಎಂದರು ಡಾಕ್ಟರು. ಕೋಟಿನ ಮೇಲೆಲ್ಲ ಸುಣ್ಣ.

ದಾಕ್ಷಾಯಣಿಗೆ ಎಲ್ಲಿಂದ ಧೈರ್ಯ ಬಂತೋ. “ಸರ್, ತುಮಕೂರಿಗೆ ಬಸ್ಸಲ್ಲಿ ಒಂದು ಗಂಟೆ ಆಗುತ್ತೆ. ನೀವು ನನ್ನ ಹಿಂದಿನ ಸೀಟಲ್ಲಿ ಕೂತ್ಕೊಳ್ಳಿ. ನಾನು ತಿರುಗಿ ನೋಡಲ್ಲ. ಮಾತಾಡ್ತೀನಿ. ಬಸ್ಸಲ್ಲಿ ಆಗಬಾರದು ಅಂತ ನಿಯಮದಲ್ಲಿ ಎಲ್ಲೂ ಇಲ್ಲ.”

ದೊಡ್ಡ ಹುಬ್ಬುಗಳು ಮೇಲೆ ಹೋಗಿ, ಅಲ್ಲೇ ಸ್ವಲ್ಪ ಹೊತ್ತು ಯೋಚಿಸಿ, ಕೆಳಗೆ ಬಂದವು. “ಎಲ್ಲೂ ಇಲ್ಲ, ನಿಜ,” ಎಂದರು.

ಕುಣಿಗಲ್-ತುಮಕೂರು ಬಸ್ಸಿನಲ್ಲಿ ಮುಂದಿನ ಸೀಟುಗಳು ಹೆಂಗಸರಿಗೆ. ಕಿಟಕಿಯ ಪಕ್ಕ ದಾಕ್ಷಾಯಣಿ, ಪಕ್ಕದಲ್ಲಿ ಕರಿಬಸಮ್ಮ, ಹಿಂದೆ ಗಂಡಸರ ಮೊದಲ ಸೀಟಿನಲ್ಲಿ ಡಾಕ್ಟರು. ಕರಿಬಸಮ್ಮ ಬಾಯಿ ಬಿಡಬಾರದೆಂದು ಆಣೆಯಾಗಿತ್ತು. ಅದಕ್ಕಾಗಿ ಅವಳು ಬಾಯಿ ತುಂಬ ಎಲೆಯಡಿಕೆ ತುಂಬಿಕೊಂಡಿದ್ದಳು. ಬಸ್ಸು ಹೊರಟಿತು.

“ಶುರು ಮಾಡಿ,” ಎಂದು ಹಿಂದಿನಿಂದ ದನಿ ಬಂತು.

“ನನಗೆ… ಒಂಥರಾ ಭಯ ಆಗ್ತಿದೆ,” ಎಂದಳು ದಾಕ್ಷಾಯಣಿ.

“ಜೋರಾಗಿ. ಇಂಜಿನ್ ಶಬ್ದ.”

“ನನಗೆ ಭಯ ಆಗ್ತಿದೆ!”

ಇಡೀ ಬಸ್ಸು ಅವಳ ಕಡೆ ತಿರುಗಿತು. ಪಕ್ಕದ ಸಾಲಿನಲ್ಲಿ ತೊಡೆಯ ಮೇಲೆ ಕೋಳಿ ಇಟ್ಟುಕೊಂಡು ಕೂತಿದ್ದ ಮುದುಕಿ, “ಯಾಕವ್ವ? ಡ್ರೈವರಪ್ಪ ಚೆನ್ನಾಗೇ ಓಡುಸ್ತವ್ನೆ ಬುಡು,” ಎಂದಳು. ಹಿಂದಿನಿಂದ ಯಾರೋ, “ವಾಂತಿ ಇರ್ಬೇಕು,” ಎಂದರು. ಕೈಯಿಂದ ಕೈಗೆ ಒಂದು ನಿಂಬೆಹಣ್ಣು ಬಂದು ಅವಳ ಮಡಿಲಿಗೆ ಬಿತ್ತು.

“ಮುಂದುವರಿಸಿ,” ಎಂದರು ಡಾಕ್ಟರು.

ದಾಕ್ಷಾಯಣಿ ಕಣ್ಣು ಮುಚ್ಚಿದಳು. “ಚಿಕ್ಕವಳಿದ್ದಾಗ ನನಗೆ ನಮ್ಮಪ್ಪನ ಮೇಲೆ ತುಂಬಾ ಸಿಟ್ಟಿತ್ತು…”

“ಯಾರ್ ಮಗಳು ತಾಯಿ ನೀನು?” ಎಂದು ಕೆಂಪು ಟವೆಲ್ಲಿನವನೊಬ್ಬ ಕೇಳಿದ.

“ಕಡಬದವರು,” ಎಂದುಬಿಟ್ಟಳು ಕರಿಬಸಮ್ಮ, ಎಲೆಯಡಿಕೆಯ ಸಂದಿಯಿಂದ. “ಕರಿಸಿದ್ದಪ್ಪ ಮೇಷ್ಟ್ರ ಮಗಳು.”

“ಮೇಷ್ಟ್ರ ಮಗಳಾ! ನಂಗೆ ಮಗ್ಗಿ ಕಲಿಸಿದ್ದೇ ಅವರು! ಅಂಥಾ ದೇವರಂಥ ಮನುಷ್ಯನ ಮೇಲೆ ಸಿಟ್ಟಾ? ಏನ್ ಮಾಡಿದ್ರು ಹೇಳವ್ವ ನೋಡೋಣ.”

ಐದು ವರ್ಷ ಕುಣಿಗಲ್ಲಿನ ಮಂಚದ ಮೇಲೆ ಬೆಳೆಸಿದ್ದ ಸಿಟ್ಟು ಕೆಂಪು ಟವೆಲ್ಲಿನವನ ಎದುರಿಗೆ ನಿಲ್ಲಲಿಲ್ಲ. “ಏನೂ ಮಾಡಿಲ್ಲ. ಒಂದ್ಸಲ ಜಾತ್ರೆಗೆ ಕರ್ಕೊಂಡು ಹೋಗ್ಲಿಲ್ಲ,” ಎಂದಳು.

“ಪರೀಕ್ಷೆ ಇದ್ದಿರ್ಬೇಕು ಬುಡವ್ವ,” ಎಂದು ಅವನು ಕ್ಷಮಿಸಿದ.

ಕಂಡಕ್ಟರ್ ಜುಂಜಪ್ಪ ಟಿಕೆಟ್ ಹರಿಯುತ್ತ ಬಂದು, ಡಾಕ್ಟರನ್ನೂ ದಾಕ್ಷಾಯಣಿಯನ್ನೂ ನೋಡಿ, “ಏನ್ ಸಾರ್, ಈಯಮ್ಮ ಬಸ್ಸಿಗೆ ಬೆನ್ನು ಹಾಕ್ಕೊಂಡು ಯಾರಿಗೆ ಹೇಳ್ತಾ ಅವ್ರೆ?” ಎಂದ.

“ನನಗೆ,” ಎಂದರು ಡಾಕ್ಟರು.

“ಎದುರಿಗೆ ಕೂತು ಹೇಳೋಕೇನು?”

“ಇದು ಪರೀಕ್ಷೆ,” ಎಂದಳು ದಾಕ್ಷಾಯಣಿ, ಅಳು ತಡೆದುಕೊಂಡು. “ಈ ಒಂದು ಗಂಟೆ ಸರಿಯಾಗಿ ಮಾತಾಡಿದ್ರೆ ನಾನು ಪಾಸು.”

ಆ ಒಂದು ಮಾತಿಗೆ ಬಸ್ಸಿನ ಗಾಳಿಯೇ ಬದಲಾಯಿತು. ಪರೀಕ್ಷೆ ಎಂದರೆ ಎಲ್ಲರಿಗೂ ಗೊತ್ತು. ಜುಂಜಪ್ಪ ಸೀಟಿ ಊದಿ, “ಎಲ್ಲಾ ಗಪ್‌ಚಿಪ್ ಕೂತ್ಕಳಿ! ಮೇಡಮ್ಮೋರ ಪರೀಕ್ಷೆ ನಡೀತೈತೆ!” ಎಂದ. ಡ್ರೈವರ್ ಹಾರ್ನನ್ನೂ ಬಿಟ್ಟುಕೊಟ್ಟ. ಮುದುಕಿ ಕೋಳಿಯ ಕೊಕ್ಕನ್ನು ಮುಚ್ಚಿ ಹಿಡಿದಳು. ಎಲ್ಲರೂ ಮುಂದಕ್ಕೆ ಬಾಗಿ ಕಿವಿಗೊಟ್ಟರು. ಗದ್ದಲಕ್ಕಿಂತ ಈ ಮೌನ ಸಾವಿರ ಪಾಲು ಭಯಂಕರವಾಗಿತ್ತು.

ನಾಗವಲ್ಲಿ ದಾಟಿತ್ತು. ಇನ್ನುಳಿದದ್ದು ಸ್ವಲ್ಪವೇ ದಾರಿ. ದಾಕ್ಷಾಯಣಿ ಭದ್ರವಾದ ನೆಲಕ್ಕೆ ಕಾಲಿಟ್ಟಳು.

“ನನಗೊಂದು ಕನಸು ಬಿತ್ತು.”

“ಹ್ಞೂಂ ಹ್ಞೂಂ,” ಎಂದು ಡಾಕ್ಟರು ಮುಂದಕ್ಕೆ ಬಾಗಿದ್ದು ಸೀಟಿನ ಕಿರುಗುಟ್ಟುವಿಕೆಯಲ್ಲೇ ತಿಳಿಯಿತು.

“ನಾನು ಧಾರೆ ಸೀರೆ ಉಟ್ಕೊಂಡು ಬಾವಿಯಿಂದ ನೀರು ಸೇದ್ತಿದ್ದೆ. ಕೊಡ ಭಾರ ಇತ್ತು. ಸೇದಿ ಸೇದಿ ಮೇಲಕ್ಕೆ ತಂದ್ರೆ, ಕೊಡದಲ್ಲಿ ನೀರಿರಲಿಲ್ಲ. ಅತ್ತೆ ಕೂತಿದ್ರು. ಕನ್ನಡಕ ಸರಿ ಮಾಡ್ಕೊಂಡು, ‘ಸಾರಿಗೆ ಉಪ್ಪು ಕಮ್ಮಿ’ ಅಂದ್ರು. ನಾನು ಹಗ್ಗ ಬಿಟ್ಟುಬಿಟ್ಟೆ.”

ಬಸ್ಸಿನ ಹೆಂಗಸರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಕೋಳಿಯ ಮುದುಕಿ, “ಒಳ್ಳೇದು ಮಾಡ್ದೆ,” ಎಂದಳು.

ಕರಿಬಸಮ್ಮ ನಿಧಾನವಾಗಿ ದಾಕ್ಷಾಯಣಿಯ ಕಡೆ ತಿರುಗಿದಳು. ಎಲೆಯಡಿಕೆಯನ್ನು ಕಿಟಕಿಯಾಚೆ ಉಗಿದು, ಬಾಯಿ ಒರೆಸಿಕೊಂಡಳು.

“ಏನೇ ದಾಕ್ಷಾ, ಅದು ನನ್ನ ಕನಸಲ್ವೇನೇ?”

ದಾಕ್ಷಾಯಣಿ ನಿಂಬೆಹಣ್ಣನ್ನು ಹಿಂಡಿದಳು.

“ಹೋದ ಸೋಮವಾರ ಹಿತ್ತಲಲ್ಲಿ ನಿಂತು ನಾನು ಹೇಳಿದ್ದು! ಕನ್ನಡಕ ಇದ್ದದ್ದು ನನ್ನತ್ತೆಗೆ! ನಿನ್ನತ್ತೆ ಎಲ್ಲೇ ಇದ್ರು? ನೀನು ಮದುವೆಯಾಗಿ ಬರೋ ಹೊತ್ತಿಗೆ ಆಯಮ್ಮ ಗೋಡೆ ಮೇಲೆ ಫೋಟೋ ಆಗಿದ್ರು!”

ಹಿಂದಿನ ಸೀಟು ಕಿರುಗುಟ್ಟಿತು. ಆಮೇಲೆ, ಐದು ವರ್ಷದಲ್ಲಿ ಮೊದಲ ಸಲ, ಡಾಕ್ಟರ್ ಚನ್ನವೀರಯ್ಯನವರು ಎದ್ದು ಮುಂದಕ್ಕೆ ಬಂದರು. ಕಂಬಿ ಹಿಡಿದು ಓಲಾಡುತ್ತ ಕರಿಬಸಮ್ಮನ ಮುಖವನ್ನೇ ನೋಡಿದರು.

“ಹಾವು ಕೊಬ್ಬರಿ ತಿಂದದ್ದು?”

“ನಂದು.”

“ಗೋಡೆಯೊಳಗಿಂದ ಅತ್ತೆ ಕೆಮ್ಮಿದ್ದು?”

“ನಂದೇ.”

“ರೈಲಲ್ಲಿ ಸೀರೆ ಬಿಟ್ಟು ಇಳಿದದ್ದು?”

“ಅಯ್ಯೋ ಪಾಪಿ, ಅದನ್ನೂ ಹೇಳಿದ್ಯೇನೇ!” ಎಂದು ಕರಿಬಸಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹಿಂದಿನ ಸೀಟಿನ ಗಂಡಸರು ಕಿಟಕಿಯಾಚೆ ನೋಡಿದರು.

“ಆ ಅತ್ತೆಯ ಮೇಲೆ,” ಎಂದರು ಡಾಕ್ಟರು ತಗ್ಗಿದ ದನಿಯಲ್ಲಿ, “ನಾನು ಮದ್ರಾಸಿನಲ್ಲಿ ಒಂದು ಪ್ರಬಂಧ ಓದಿದೀನಿ.”

ಆಗ ದಾಕ್ಷಾಯಣಿಯ ಕಟ್ಟೆ ಒಡೆಯಿತು. “ಏನ್ಮಾಡ್ಲಿ ಸರ್? ನನಗೆ ಕನಸೇ ಬೀಳಲ್ಲ! ಏಳೋದು, ಬೇಯಿಸೋದು, ಬಸ್ಸು, ಕಾಲೇಜು, ಮತ್ತೆ ಬಸ್ಸು, ಮತ್ತೆ ಬೇಯಿಸೋದು. ಮಲಗಿದ್ರೆ ಕಲ್ಲು! ನೀವು ಪ್ರತಿ ಸಲ ‘ಕನಸು?’ ಅಂತೀರಿ. ಬೊಂಬಾಯಿಂದ ಅಷ್ಟು ದೂರ ಬಂದಿರ್ತೀರಿ. ದೊಡ್ಡವರ ಹತ್ರ ಬರಿಗೈಲಿ ಹೆಂಗೆ ಬರೋದು? ಬೇರೆಯವರು ಹಣ್ಣು ತರ್ತಾರೆ, ನಾನು ಒಂದು ಕನಸು ತಂದೆ. ಅದು ಯಾರ ಗಿಡದ್ದು ಅಂತ ಯಾರು ಕೇಳ್ತಾರೆ!”

“ಕೇಳೋದೇ ನನ್ನ ಕೆಲಸ,” ಎಂದರು ಡಾಕ್ಟರು.

ಕೆಂಪು ಟವೆಲ್ಲಿನವನು ಪಕ್ಕದವನಿಗೆ, “ಕಾಪಿ ಹೊಡೆದವ್ರೆ,” ಎಂದು ಪಿಸುಗುಟ್ಟಿದ. ಮೇಷ್ಟ್ರ ಮಗಳು ಹೀಗೆ ಮಾಡಿದಳಲ್ಲ ಎಂದು ಅವನ ದನಿಯಲ್ಲಿ ನೋವಿತ್ತು.

ಡಾಕ್ಟರು ಈಗ ಕರಿಬಸಮ್ಮನನ್ನು ಬಿಟ್ಟು ಬೇರೆ ಯಾರನ್ನೂ ನೋಡುತ್ತಿರಲಿಲ್ಲ. “ನಿಮಗೆ ಈಗ ಅತ್ತೆ ಮೇಲೆ ಸಿಟ್ಟು ಬರುತ್ತಾ?”

ಕರಿಬಸಮ್ಮ ಸೆರಗು ತೆಗೆದು ಯೋಚಿಸಿದಳು. “ಮುಂಚೆ ಬರ್ತಿತ್ತು. ಸತ್ತು ಎಷ್ಟೋ ವರ್ಷ ಆಗಿದ್ರೂ ನೆನೆಸ್ಕೊಂಡ್ರೆ ಮೈ ಉರಿಯೋದು, ನಿದ್ದೆ ಬರ್ತಿರಲಿಲ್ಲ. ಇವಳು ಕುಣಿಗಲ್‌ಗೆ ಹೋಗಿ ಬಂದಾಗೆಲ್ಲ ಒಂದೊಂದು ಮಾತು ಹೇಳೋಳು. ‘ಅಕ್ಕ, ಆ ಹಾವು ಹಾವಲ್ಲ, ನಿಮ್ಮತ್ತೆ ಕೈಲಿದ್ದ ಬೀಗದ ಕೈ ಗೊಂಚಲು’ ಅಂತ. ಹೌದಲ್ಲಾ ಅನ್ನಿಸೋದು. ಈಗ ಬುಡಿ, ಹೋದ ವಾರ ಆ ಕನಸು ಬಿದ್ದಾಗ ಎದ್ದು ಕೂತು ನಕ್ಕುಬಿಟ್ಟೆ.”

“ನಕ್ಕಿರಾ!” ಡಾಕ್ಟರ ಹುಬ್ಬುಗಳು ಹಬ್ಬಕ್ಕೆ ಹೊರಟವರ ಹಾಗೆ ಮೇಲಕ್ಕೆ ಹೋದವು. “ಐದು ವರ್ಷದ ಕೆಲಸ! ಪೂರ್ತಿಯಾಗಿ ಮುಗಿದಿದೆ!”

“ಅಂದ್ರೆ ಪಾಸಾ ಸಾರ್?” ಎಂದ ಜುಂಜಪ್ಪ.

“ಪಾಸು,” ಎಂದರು ಡಾಕ್ಟರು. “ಇವರು.”

ಬಸ್ಸಿಗೆ ಬಸ್ಸೇ ಚಪ್ಪಾಳೆ ಹೊಡೆಯಿತು. ಡ್ರೈವರ್ ಇಷ್ಟು ಹೊತ್ತು ಕೂಡಿಟ್ಟಿದ್ದ ಹಾರ್ನನ್ನೆಲ್ಲ ಗೂಳೂರಿನ ಬೀದಿಯಲ್ಲಿ ಒಟ್ಟಿಗೆ ಬಾರಿಸಿದ. ಮುದುಕಿಯ ಕೈ ಸಡಿಲಾಗಿ ಕೋಳಿ ಹಾರಿ ಹೋಲ್ಡಾಲಿನ ಮೇಲೆ ಕೂತಿತು. ಕರಿಬಸಮ್ಮ ಎಲ್ಲರಿಗೂ ಕೈ ಮುಗಿದಳು. ಏನು ಪಾಸಾದೆ ಎಂದು ಅವಳು ಕೇಳಲೂ ಇಲ್ಲ.

“ಮತ್ತೆ ನಾನು, ಸರ್?” ಎಂದಳು ದಾಕ್ಷಾಯಣಿ.

“ನೀವು ಇವತ್ತು ಮೊದಲ ಸಲ ಮನಸ್ಸಿಗೆ ಬಂದದ್ದನ್ನ ಆಡಿದಿರಿ. ಆ ಬೇಯಿಸೋದು, ಬಸ್ಸು, ಕಲ್ಲು… ಬಹಳ ಚೆನ್ನಾಗಿತ್ತು.” ಡಾಕ್ಟರು ಗಡಿಯಾರ ನೋಡಿದರು. “ಅದನ್ನ ಮೊದಲನೇ ಗಂಟೆ ಅಂತ ಹಿಡಿಯೋಣ.”

ತುಮಕೂರಿನ ರೈಲು ನಿಲ್ದಾಣದಲ್ಲಿ ಅವರು ಕರಿಬಸಮ್ಮನಿಗೆ ನಮಸ್ಕಾರ ಮಾಡಿ, “ಊಟ ಮಾಡ್ಕೊಂಡು ಹೋಗಿ, ಹೊತ್ತಾಗಿದೆ,” ಎಂದರು. ದಾಕ್ಷಾಯಣಿಗೆ ನಿಯಮದಂತೆ ಏನೂ ಹೇಳಲಿಲ್ಲ. ರೈಲು ಹೋಯಿತು. ಇನ್ನೈದು ವರ್ಷದ ಬಸ್ಸುಗಳು ಒಂದರ ಹಿಂದೊಂದು ಕಣ್ಣ ಮುಂದೆ ಬಂದು ನಿಂತವು.

ಗುಬ್ಬಿಯ ಬಸ್ಸಿನಲ್ಲಿ ಅದೃಷ್ಟವಶಾತ್ ಸೀಟು ಸಿಕ್ಕಿತು. ಕರಿಬಸಮ್ಮ ಪಕ್ಕದವಳಿಗೆ ತಾನು ಪಾಸಾದ ಕತೆ ಹೇಳತೊಡಗಿದಳು. ದಾಕ್ಷಾಯಣಿ ಕಿಟಕಿಯ ಕಂಬಿಗೆ ಹಣೆ ಆನಿಸಿದಳು. ಗಾಳಿ ತಣ್ಣಗಿತ್ತು. ಬೆಳಗಿನಿಂದ ಓಡಿದ ಕಾಲು, ಅತ್ತ ಕಣ್ಣು. ನಿದ್ದೆ ಬಂತು.

ಆಮೇಲೆ, ಯಾವತ್ತೂ ಆಗದ್ದು ಆಯಿತು. ಕನಸು ಬಿತ್ತು. ಅವಳದೇ, ಸ್ವಂತದ್ದು. ಬಣ್ಣ ಬಣ್ಣದ್ದು, ಉದ್ದದ್ದು, ಮೊದಲು ಕೊನೆ ಎಲ್ಲ ಇದ್ದದ್ದು. ಇದನ್ನು ಹೇಳಿದರೆ ಡಾಕ್ಟರು ನಾಲ್ಕು ಸಲ “ಹ್ಞೂಂ” ಎನ್ನುತ್ತಾರೆ ಎಂದು ಕನಸಿನೊಳಗೇ ಅನ್ನಿಸಿತು.

“ಏಯ್ ಏಳೇ! ಗುಬ್ಬಿ ಬಂತು!” ಕರಿಬಸಮ್ಮ ಭುಜ ಹಿಡಿದು ಅಲ್ಲಾಡಿಸಿದಳು. ದಾಕ್ಷಾಯಣಿ ಕಣ್ಣು ಬಿಟ್ಟಳು. ಸೀರೆಯ ಸೆರಗಿನಿಂದ ಕಾಳು ಸುರಿದುಹೋದ ಹಾಗೆ ಕನಸೆಲ್ಲ ಸುರಿದುಹೋಗಿತ್ತು. ಒಂದು ಎಳೆಯೂ ಇಲ್ಲ.

“ಅಯ್ಯೋ ಅಕ್ಕ, ಕನಸು ಬಿದ್ದಿತ್ತು! ಏನೋ ಇತ್ತು… ನೆನಪೇ ಆಗ್ತಿಲ್ಲ…”

“ನಂಗೆ ಗೊತ್ತು ಬುಡು. ಮಲ್ಲಸಂದ್ರದಿಂದಲೂ ನೀನು ಕನವರಿಸ್ತಾನೇ ಇದ್ದೆ. ಒಂದಕ್ಷರ ಬಿಡದೆ ಕೇಳಿಸ್ಕೊಂಡಿದೀನಿ.”

ದಾಕ್ಷಾಯಣಿ ಎರಡೂ ಕೈಯಿಂದ ಅವಳ ತೋಳು ಹಿಡಿದುಕೊಂಡಳು. “ನಾನು ಏನಂದೆ ಅಕ್ಕ? ಹೇಳಿ ಅಕ್ಕ, ದಮ್ಮಯ್ಯ!”

ಕರಿಬಸಮ್ಮ ಫ್ಲಾಸ್ಕನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಸ್ಸಿನಿಂದ ಇಳಿದಳು.

“ಅದ್ಯಾಕೆ ಹೇಳ್ಲಿ? ಮೂರು ತಿಂಗಳಿಗೆ ಡಾಕ್ಟ್ರು ಬರ್ತಾರಲ್ಲ. ನಾನೇ ತಗೊಂಡು ಹೋಗಿ ಹೇಳ್ತೀನಿ.”